ಜುಂಜಪ್ಪ ಮಾತಾಡಿದ

ಹುಲಿಕುಂಟೆ
೯-೩-೧೯೮೩

ಅಕ್ಕಾ, ನಮಸ್ಕಾರ.

ಮನೋರೋಗಿಗಳ ಆರೈಕೆಯ ಸರ್ವೆಗೆಂದು ಮನೆಮನೆ ತಿರುಗುತ್ತಿದ್ದೇನೆ. ಇಲ್ಲಿ ಕುರಿ ಸಾಕುವ ಗೌರಕ್ಕ ಎಂಬವರು, ಆರು ವರ್ಷದಿಂದ ಮಾತೇ ಆಡದ ಮೈದುನ ಜುಂಜಪ್ಪನಿಗೆ ಮಗುವಿನಂತೆ ಉಣಿಸುತ್ತಾರೆ. "ಬೇಜಾರಾಗಲ್ವಾ?" ಎಂದು ಕೇಳಿದರೆ, "ನಮ್ಮೋನೇ ಕಣ್ ನರ್ಸಮ್ಮ, ಎಲ್ಲಿಗೆ ಬುಡಾನ?" ಎಂದರು. ನಮ್ಮ ಸರ್ವೆಯ ಡಾಕ್ಟರು ಬರೆದುಕೊಟ್ಟ ಇಂಜೆಕ್ಷನ್ನನ್ನು ಎರಡು ತಿಂಗಳಿಂದ ನಾನೇ ಹಾಕುತ್ತಿದ್ದೇನೆ. ನಿನ್ನೆ ಮುದ್ದೆ ಮುರಿದು ಕೊಡುವಾಗ ಅವನು ತಲೆಯೆತ್ತಿ, "ಅತ್ಗೆ, ನೀನ್ ಉಂಡ್ಯಾ?" ಎಂದ. ಗೌರಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ನನಗೂ ತಡೆಯಲಾಗಲಿಲ್ಲ.

ಹೋದ ಕಾಗದದಲ್ಲಿ ಬರೆದಿದ್ದೆನಲ್ಲ, ಆ ಜ್ವರ ಬಿಟ್ಟಿದೆ, ಹೆದರಬೇಡ. ಸರ್ವೆ ಈ ವಾರ ಮುಗಿಯುತ್ತದೆ, ಆದರೆ ಇಂಜೆಕ್ಷನ್ ನಿಲ್ಲಿಸುವಂತಿಲ್ಲ. ಇನ್ನೂ ಮೂರು ತಿಂಗಳು ಇಲ್ಲೇ ಇರುತ್ತೇನೆಂದು ಡಾಕ್ಟರಿಗೆ ಬರೆದಿದ್ದೇನೆ. ಯುಗಾದಿಗೆ ಬರುವುದಿಲ್ಲ. ಅಮ್ಮನಿಗೆ ನೀನೇ ಸಮಾಧಾನ ಹೇಳು. ಟಪಾಲಿನವರು ಬಾಗಿಲಲ್ಲೇ ನಿಂತಿದ್ದಾರೆ.

ನಿನ್ನ ತಂಗಿ,
ಸುಮಿತ್ರಾ