ಡಿಶ್ ಪೆಟ್ಟಿಗೆಯಲ್ಲಿ ಅಕ್ಕನ ಹಾಡು

ಕೇಬಲ್ ಅಣ್ಣನಿಗೆ ನಮಸ್ಕಾರ.

ನಿಮ್ಮ ಕೇಬಲ್ ಅಗ್ಗ, ಮೋಡ ಕವಿದರೂ ಚಿತ್ರ ನಿಲ್ಲುವುದಿಲ್ಲ, ಒಪ್ಪುತ್ತೇನೆ. ದೊಡ್ಡ ಕಂಪನಿಯ ಡಿಶ್‌ಗಿಂತ ನಮ್ಮ ಬೀದಿಯ ದುಡಿಮೆಗಾರನೇ ಮೇಲು ಎಂದು ಕರಪತ್ರ ಹಿಡಿದು ವಾದಿಸಿದವನೂ ನಾನೇ. ಆದರೂ ಡಿಶ್ ಬಿಡಲಾರೆವು. ತೀರಿಕೊಂಡ ಅಕ್ಕ ಟಿವಿ ಸ್ಪರ್ಧೆಯಲ್ಲಿ ಹಾಡಿ ಸೋತದ್ದು ಆ ಪೆಟ್ಟಿಗೆಯಲ್ಲಿ ರೆಕಾರ್ಡ್ ಆಗಿದೆ. ಸಂಪರ್ಕ ಕಡಿದರೆ ಅದು ತೆರೆಯುವುದಿಲ್ಲ, ನಕಲು ಮಾಡಲೂ ಬರುವುದಿಲ್ಲ. ಅಮ್ಮ ದಿನವೂ ಹಾಕಿಸುತ್ತಾಳೆ. “ತೀರ್ಪುಗಾರರು ಬಾಯಿ ಬಿಡೋಕೆ ಮುಂಚೆ ನಿಲ್ಸಪ್ಪಾ, ಅವಳೇ ಗೆದ್ಲು ಅಂದ್ಕೋತೀನಿ” ಅನ್ನುತ್ತಾಳೆ. ನಾನು ನಿಲ್ಲಿಸುತ್ತೇನೆ.

ನಾಳೆ ತಂತಿ ಎಳೆಯಲು ಬರಬೇಡಿ. ಸುಮ್ಮನೆ ಬನ್ನಿ. ಒಳಗಿನಿಂದ ಹಾಡು ಕೇಳಿಸಿದರೆ, ಮುಗಿಯುವವರೆಗೆ ಬಾಗಿಲು ತಟ್ಟಬೇಡಿ.

ಇಂತಿ,
ನೀವು ಕರೆಯುವ ‘ಕಾಮ್ರೇಡ್ ತಮ್ಮ’