ಸ್ಕೀ ಸಾಮಾನಿನ ನಡುವೆ ಕಾವಲಿ

೧೫ ಡಿಸೆಂಬರ್ ೨೦೦೩, ಸೋಮವಾರ. ಸೌತ್‌ಹಾಲ್.

ಈ ಮನೆಯ ಸ್ವಯಂನೇಮಿತ ತನಿಖಾಧಿಕಾರಿಯಾದ ನಾನು ದಾಖಲಿಸುವುದೇನೆಂದರೆ, ಅಪ್ಪಯ್ಯನ ನಡತೆ ಸಂಶಯಾಸ್ಪದವಾಗಿದೆ. ಹದಿನೈದು ವರ್ಷ ಹೋಟೆಲುಗಳ ಅಡುಗೆಮನೆ ಬಿಟ್ಟು ಕದಲದವರು, ಶನಿವಾರ ನಮ್ಮನ್ನೆಲ್ಲ ಸ್ಕೀ ಆಡಿಸಲು ಕೆನಡಾಕ್ಕೆ ಕರೆದೊಯ್ಯುತ್ತಾರಂತೆ. ಸಮುದ್ರದ ಪಕ್ಕದ ಹಿಮದ ಬೆಟ್ಟವಂತೆ. ಫ್ರಿಜ್ಜಿನ ನೀರು ಕುಡಿದರೆ ಬೈಯುವ ಅಮ್ಮನೂ ತುಟಿ ಪಿಟಕ್ಕೆನ್ನದೆ ಒಪ್ಪಿದ್ದಾಳೆ! ತಂಗಿ ತೃಷಾ ಖುಷಿಗೆ ಕೈಗವಸು ಹಾಕಿಕೊಂಡೇ ಊಟ ಮಾಡಿದಳು.

ನನ್ನ ಹಳೆಯ ಕಿತಾಪತಿಗಳಿಗೆಲ್ಲ ಸೇರಿಸಿ ಸೇಡು ತೀರಿಸುತ್ತಿದ್ದಾರೆಯೇ ಎಂದು ಅವರ ಸೂಟ್‌ಕೇಸ್ ಬಿಚ್ಚಿದೆ. ಉಣ್ಣೆ ಟೋಪಿಗಳ ಕೆಳಗೆ, ಲುಂಗಿಯಲ್ಲಿ ಸುತ್ತಿದ ಅಪ್ಪಯ್ಯನ ದೋಸೆ ಕಾವಲಿ ಸಿಕ್ಕಿತು. ಅದನ್ನು ಅವರು ಅಮ್ಮನಿಗೂ ಮುಟ್ಟಗೊಡುವುದಿಲ್ಲ. ಕೆಲಸದ ಹೋಟೆಲ್ ಬದಲಿಸಿದಾಗ ಮಾತ್ರ ಅದು ಜಾಗ ಬದಲಿಸುತ್ತದೆ.

"ಅಪ್ಪಯ್ಯ, ಇದ್ರ ಮೇಲೆ ಕೂಕಂಡ್ ಜಾರುದಾ?" ಎಂದೆ.

ಅವರು ನಗಲಿಲ್ಲ. "ಅಲ್ಲಿನ ಹೋಟ್ಲಲ್ಲಿ ಹೊಸ ಕಾವಲಿ. ದೋಸೆ ಏಳುದಿಲ್ಲ ಮಗಾ."

"ವಾಪಸ್ ಟಿಕೆಟ್ ಉಂಟಲ್ದಾ?"

"ಉಂಟು. ಮೂರು ಜನಕ್ಕೆ."

ನಾವು ನಾಲ್ವರು.

ಎಲ್ಲರೂ ಮಲಗಿದ್ದಾರೆ. ಕಾವಲಿ ಈಗ ನನ್ನ ಮಂಚದ ಕೆಳಗಿದೆ. ಈ ಸಲ ತಮಾಷೆಗಲ್ಲ.