ಅಪ್ಪನಿಗೆ ‘ನಾಳೆ ಬಾ’ ಅಂದದ್ದು

ಅಕ್ಷರಾ,

ನಿನ್ನೆ ರಾತ್ರಿ ಕಿಟಕಿಯ ಮೇಲೆ ಟಕ್ ಟಕ್ ಸದ್ದಾಯಿತು. ನೀನು ಓದುವಂಥದ್ದೇ ಅಲ್ಲವೇ ಎಂದು ನೋಡಲು ನಿನ್ನ ರಕ್ತಪಿಶಾಚಿ ಕಾದಂಬರಿ ಹಿಡಿದು ಕೂತಿದ್ದೆ. ಅದರಲ್ಲಿ ಪಿಶಾಚಿಗಳು ಮನೆಯವರ ದನಿಯಲ್ಲೇ ಕರೆಯುತ್ತವೆ. ನಾವು ಒಳಗೆ ಕರೆಯದೆ ಅವು ಹೊಸ್ತಿಲು ದಾಟುವುದಿಲ್ಲ.

“ಕೀ ಮರೆತೆ, ಬಾಗಿಲು ತೆಗಿ ಮಾರಾಯ್ತಿ” ಎಂದದ್ದು ನಿನ್ನ ಅಪ್ಪನ ದನಿ. ನಮ್ಮಜ್ಜಿ ದೆವ್ವಕ್ಕೆಂದು ಬಾಗಿಲ ಮೇಲೆ ಬರೆಸಿದ್ದ ಮಾತೇ ನನ್ನ ಬಾಯಿಗೆ ಬಂತು: “ನಾಳೆ ಬಾ.”

ಬೆಳಿಗ್ಗೆ ಭದ್ರಾವತಿಯಿಂದ ನಿನ್ನ ಅತ್ತೆಯ ಫೋನು. “ಅಣ್ಣ ಇಲ್ಲೇ ಮಲಗಿದಾನೆ ಅತ್ತಿಗೆ. ನಾಳೆ ಬಾ ಅಂದ್ರಂತೆ. ಈಗ ಕಳಿಸಲಾ?”

ಕರೆತರಲು ಹೋಗುತ್ತಿದ್ದೇನೆ. ಸಾರು ಆಗಿದೆ, ಅನ್ನಕ್ಕಿಡು. ಅಪ್ಪ ಬಂದಾಗ ಬಾಗಿಲಲ್ಲೇ ನಿಂತು ಬಾಯ್ತುಂಬ ಒಳಗೆ ಕರೆ.

ನಿದ್ದೆಗಣ್ಣಲ್ಲಿ ಹಾಗಂದೆ ಎಂದು ಅಪ್ಪನಿಗೆ ಹೇಳುತ್ತೇನೆ. ಪುಸ್ತಕದ ವಿಷಯ ಯಾರಿಗೂ ಹೇಳುವುದಿಲ್ಲ, ನೀನೂ ಹೇಳಬೇಡ. ಅದು ಅಕ್ಕಿ ಡಬ್ಬದ ಹಿಂದಿದೆ. ಮುಟ್ಟಬೇಡ, ನಾನಿನ್ನೂ ಓದಿ ಮುಗಿಸಿಲ್ಲ.

ಅಮ್ಮ